ಟಿವಿಎಸ್ 50 ಓಡಿಸಿದ ತಾಯಿಗೆ

ತುಮಕೂರು ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಕಳೆದ ಸಂಚಿಕೆಯಲ್ಲಿ ವಾರವೆಲ್ಲ ಆಫೀಸಿನಲ್ಲಿ ದುಡಿದು ಶನಿವಾರ, ಭಾನುವಾರ ಬೈಕ್ ರೇಸ್‌ಗೆ ಹೋಗುವ ಹೆಣ್ಣುಮಕ್ಕಳ ಬಗ್ಗೆ ಬರೆದಿರಿ. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದರು. ನನ್ನ ಮಗಳಿಗೆ 26 ವರ್ಷ. ಬೆಂಗಳೂರಿನಲ್ಲಿ ಕೆಲಸ. ಆಫೀಸಿನ ಟ್ರೇನಿಂಗ್ ಅಂತ ಸುಳ್ಳು ಹೇಳಿ ಎರಡು ಸಲ ಚೆನ್ನೈಗೆ ಹೋಗಿ ರೋಡ್ ರೇಸ್ ಕಲಿತು ಬಂದಿದ್ದಾಳೆ. ಬ್ಯಾಗಿನಲ್ಲಿ ಚರ್ಮದ ಸೂಟ್ ಸಿಕ್ಕಿತು. ಮಂಡಿಯ ಹತ್ತಿರ ಉಜ್ಜಿಹೋಗಿತ್ತು. ಸೊಂಟದವರೆಗಿದ್ದ ಜಡೆಯನ್ನೂ ಕತ್ತರಿಸಿಕೊಂಡಿದ್ದಾಳೆ. ನಾನೂ ಇಪ್ಪತ್ತು ವರ್ಷ ಟಿವಿಎಸ್ 50ಯಲ್ಲಿ ಶಾಲೆಗೆ ಹೋಗಿ ಬಂದವಳು. ಗಾಡಿ ಕಂಡರೆ ಭಯ ಇಲ್ಲ. ಆದರೆ ಲಾರಿ, ಬಸ್ಸು ಓಡಾಡುವ ಹೈವೇಯಲ್ಲಿ ರೇಸ್ ಅಂದರೆ ಏನು? 2023ರಲ್ಲಿ ಆ ಚಿಕ್ಕ ಹುಡುಗ ಸತ್ತ ಸುದ್ದಿ ಓದಿದ್ದೇನೆ. ಹೆಣ್ಣಿನ ಮೈ ಇದಕ್ಕೆ ಆಗಿಬರುತ್ತಾ? ಕೈಕಾಲು ಮುರಿದರೆ ಯಾರು ಮದುವೆಯಾಗುತ್ತಾರೆ? ನಿಮ್ಮ ಮನೆ ಮಗಳಾಗಿದ್ದರೆ ಹೀಗೆ ಬರೆಯುತ್ತಿದ್ದಿರಾ?”

ನಮಸ್ಕಾರ ಮೇಡಂ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನಕ್ಕೆ ಏಳು ಫೋಟೋ ಹಾಕಿದ್ದೆವು. ಏಳರಲ್ಲೂ ಟ್ರೋಫಿ, ಹಾರ, ನಗು. ಬಿದ್ದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ರೇಸ್ ಓಡಿಸುವವರು ಇವತ್ತಲ್ಲ ನಾಳೆ ಬಿದ್ದೇ ಬೀಳುತ್ತಾರೆ. ಅದನ್ನು ಬಿಟ್ಟು ಬರೆದದ್ದು ಸರಿಯಲ್ಲ. ನೀವು ಸಿಟ್ಟಾದದ್ದು ನ್ಯಾಯ.

ಇನ್ನು ‘ರೋಡ್ ರೇಸ್’ ಅನ್ನೋ ಮಾತು. ಈ ಹೆಸರೇ ನಿಮ್ಮನ್ನು ಅರ್ಧ ಹೆದರಿಸಿದೆ. ಅದು ಹೈವೇ ಅಲ್ಲ ಮೇಡಂ. ಮಣ್ಣಿನಲ್ಲಿ ನಡೆಯುವ ಮೋಟೋಕ್ರಾಸ್, ಕಾಡುಮೇಡಿನ ರ್‍ಯಾಲಿ, ಇವುಗಳಿಂದ ಬೇರೆ ಎಂದು ತಿಳಿಯಲಿ ಅಂತ ಡಾಂಬರು ಟ್ರ್ಯಾಕ್ ಮೇಲಿನ ರೇಸ್‌ಗೆ ಆ ಹೆಸರು. ಚೆನ್ನೈ ಕಡೆಯ ಟ್ರ್ಯಾಕ್ ಇರುವುದು ಶ್ರೀಪೆರುಂಬುದೂರಿನ ಪಕ್ಕದ ಇರುಂಗಾಟ್ಟುಕೋಟ್ಟೈಯಲ್ಲಿ. ಒಂದು ಸುತ್ತು ಸುಮಾರು 3.7 ಕಿ.ಮೀ. ಅದು ಬರುವ ಮುಂಚೆ ಷೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿತ್ತು. ಕೊಯಮತ್ತೂರಿನಲ್ಲಿರುವ ‘ಕರಿ’ ಎಂಬ ಹೆಸರಿನ ಟ್ರ್ಯಾಕ್ ಚಿಕ್ಕದು, 2.1 ಕಿ.ಮೀ. ಶುಕ್ರವಾರ ಸಂಜೆ ಆಫೀಸ್ ಮುಗಿಸಿ, ಬೈಕನ್ನು ಟೆಂಪೋಗೆ ಹತ್ತಿಸಿ, ಬೆಂಗಳೂರಿನ ಹವ್ಯಾಸಿಗಳು ಹೊರಡುವುದು ಈ ಎರಡು ಜಾಗಕ್ಕೆ.

ಅಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ. ಹಂಪ್ ಇಲ್ಲ, ಅಡ್ಡರಸ್ತೆ ಇಲ್ಲ. ತಿರುವಿನ ಹೊರಗೆ ಜಾರಿಹೋಗಲು ಖಾಲಿ ಜಾಗ ಬಿಟ್ಟಿರುತ್ತಾರೆ. ಮಾರ್ಷಲ್‌ಗಳು ಬಾವುಟ ಹಿಡಿದು ನಿಂತಿರುತ್ತಾರೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯ ಇದೆ, ಯಾರನ್ನೂ ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಬೀಸಿದರೆ ರೇಸೇ ನಿಂತಿತು. ಬೈಕನ್ನೂ ಸುಮ್ನೆ ಒಳಗೆ ಬಿಡುವುದಿಲ್ಲ. ಕನ್ನಡಿ, ಸೈಡ್ ಸ್ಟ್ಯಾಂಡ್ ಬಿಚ್ಚಿರಬೇಕು. ಆಯಿಲ್ ಬೋಲ್ಟ್ ಸಡಿಲವಾಗದಂತೆ ತಂತಿ ಕಟ್ಟಿರಬೇಕು. ಒಂದು ಲೋಟ ಆಯಿಲ್ ಟ್ರ್ಯಾಕ್ ಮೇಲೆ ಚೆಲ್ಲಿದರೂ ಹಿಂದೆ ಬರುವವರೆಲ್ಲ ಜಾರುತ್ತಾರೆ, ಅದಕ್ಕೆ. ರಾಷ್ಟ್ರಮಟ್ಟದ ರೇಸ್‌ಗೆ ಇಳಿಯಲು ಎಫ್‌ಎಂಎಸ್‌ಸಿಐ ಎಂಬ ದೇಶದ ಮೋಟಾರು ಕ್ರೀಡಾ ಸಂಸ್ಥೆಯ ಲೈಸೆನ್ಸ್ ಬೇಕು. ಆರ್‌ಟಿಒ ಕೊಟ್ಟ ಲೈಸೆನ್ಸ್ ಅಲ್ಲಿ ಸಾಲದು.

ನೀವು ನೋಡಿದ ಆ ಉಜ್ಜಿದ ಮಂಡಿ, ಅದು ಬಿದ್ದ ಗುರುತು ಇರಲಾರದು. ಸೂಟಿನ ಮಂಡಿಯ ಮೇಲೆ ಒಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿರುತ್ತಾರೆ. ನೀ ಸ್ಲೈಡರ್ ಅನ್ನುತ್ತಾರೆ. ತಿರುವಿನಲ್ಲಿ ಬೈಕ್ ವಾಲಿದಾಗ ಮಂಡಿ ನೆಲಕ್ಕೆ ತಾಗುತ್ತದೆ. ಎಷ್ಟು ವಾಲಿದ್ದೇವೆ ಎಂದು ಸವಾರರಿಗೆ ತಿಳಿಯುವುದು ಅದರಿಂದಲೇ. ಸವೆದರೆ ಕಿತ್ತು ಹೊಸದು ಅಂಟಿಸುತ್ತಾರೆ. ಎರಡೇ ಸಲ ಹೋಗಿ ಮಂಡಿ ತಾಗಿಸಿದ್ದಾಳೆ ಅಂದರೆ ನಿಮ್ಮ ಮಗಳು ಚೆನ್ನಾಗಿಯೇ ಕಲಿಯುತ್ತಿದ್ದಾಳೆ. ಜಡೆಯನ್ನು ಮಾತ್ರ ಕತ್ತರಿಸಲೇಬೇಕು ಅಂತೇನಿರಲಿಲ್ಲ. ಬಿಗಿಯಾಗಿ ಹೆಣೆದು ಸೂಟಿನೊಳಗೆ ಸೇರಿಸಿದರೆ ಸಾಕು. ಉಂಗುರ, ಬಳೆ ಮಾತ್ರ ಬಿಚ್ಚಲೇಬೇಕು. ಬಿದ್ದಾಗ ಗ್ಲೌಸಿನೊಳಗಿನ ಉಂಗುರ ಬೆರಳನ್ನೇ ಕತ್ತರಿಸಬಹುದು.

ಹೈವೇ ಬಗ್ಗೆ ನನಗೂ ಒಂದು ನೋವಿದೆ. ನನ್ನ ಅತ್ತೆಯ ಮಗ 22ನೇ ವಯಸ್ಸಿನಲ್ಲಿ, ರಾತ್ರಿ ಗೆಳೆಯರ ಜೊತೆ ಬೆಟ್ ಕಟ್ಟಿ ಬೈಕ್ ಓಡಿಸಿದ. ನಿಂತಿದ್ದ ಲಾರಿಯ ಹಿಂಬದಿಗೆ ಹೊಡೆದ. ಅವನ ಹೆಲ್ಮೆಟ್ ಮನೆಯಲ್ಲೇ ಇತ್ತು. ಅತ್ತೆ ಅದನ್ನು ಇವತ್ತಿಗೂ ಎಸೆದಿಲ್ಲ. ಅಂದಿನಿಂದ ವೇಗದ ಆಸೆ ಇರುವ ಮಕ್ಕಳಿಗೆ ನಾನು ‘ಬೇಡ’ ಅನ್ನುವುದಿಲ್ಲ, ‘ಟ್ರ್ಯಾಕ್‌ಗೆ ಹೋಗು’ ಅನ್ನುತ್ತೇನೆ.

ಟ್ರ್ಯಾಕ್‌ನಲ್ಲಿ ಸಾವೇ ಇಲ್ಲ ಎಂದು ಇದರರ್ಥವಲ್ಲ. 2023ರ ಆಗಸ್ಟ್ 5ರಂದು ಇದೇ ಇರುಂಗಾಟ್ಟುಕೋಟ್ಟೈಯಲ್ಲಿ ಬೆಂಗಳೂರಿನ 13 ವರ್ಷದ ಆ ಹುಡುಗ ತೀರಿಹೋದ. ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ, ಮೊದಲ ತಿರುವು ದಾಟುವಾಗ ಬಿದ್ದಿದ್ದ. ಆ ವಾರದ ಉಳಿದ ರೇಸ್‌ಗಳನ್ನೆಲ್ಲ ರದ್ದು ಮಾಡಿದರು. ಆ ದಿನ ನಮ್ಮ ಕಚೇರಿಯಲ್ಲಿ ಯಾರೂ ಮಾತಾಡಲಿಲ್ಲ.

ಈ ಆಟದಲ್ಲಿ ಬೀಳುವುದಕ್ಕಿಂತ ದೊಡ್ಡ ಅಪಾಯ ಬಿದ್ದ ಮೇಲೆ ಹಿಂದಿನ ಬೈಕ್ ಬಂದು ತಾಗುವುದು. ಒಬ್ಬರೇ ಬಿದ್ದರೆ ಬಹಳ ಸಲ ಸೂಟ್ ಜಾರಿಕೊಂಡು ಹೋಗುತ್ತದೆ, ಎದ್ದು ನಡೆಯುತ್ತಾರೆ. ಆದರೆ ಮೊದಲ ಸುತ್ತಿನಲ್ಲಿ ಎಲ್ಲರೂ ಗುಂಪಿನಲ್ಲಿರುತ್ತಾರೆ. ಹಿಂದಿನವರಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಹಾಗಾಗಿ ಮಗಳನ್ನು ‘ಯಾಕೆ ಹೋದೆ’ ಅಂತ ಕೇಳುವ ಬದಲು ‘ಮೊದಲ ತಿರುವಿಗೆ ಹೇಗೆ ಹೋಗುತ್ತೀಯ’ ಅಂತ ಕೇಳಿ. ನುಗ್ಗುತ್ತೇನೆ ಅಂದರೆ ಇನ್ನೂ ಕಲಿಯುವುದಿದೆ. ಜಾಗ ಬಿಟ್ಟು, ನೋಡಿಕೊಂಡು ಹೋಗುತ್ತೇನೆ ಅಂದರೆ ನೀವು ಸ್ವಲ್ಪ ಉಸಿರು ಬಿಡಬಹುದು. ಸೂಟ್ ಅವಳದೇ ಅಳತೆಗೆ ಹೊಲಿಸಿದ್ದಾ ಅಂತಲೂ ಕೇಳಿ. ಗಂಡಸರ ಅಳತೆಯ ಸೂಟ್ ಹಾಕಿಕೊಂಡರೆ ಭುಜ, ಸೊಂಟದ ಹತ್ತಿರ ಸಡಿಲ ಆಗುತ್ತದೆ. ಬಿದ್ದಾಗ ಒಳಗಿನ ರಕ್ಷಾಕವಚ ಜಾಗ ಬಿಟ್ಟು ಸರಿಯುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ನಿಜವಾಗಿ ಚಿಂತೆ ಮಾಡುವುದು ಈ ಸೂಟಿನ ಬಗ್ಗೆ.

ಮೈಯ ಬಗ್ಗೆ ಅಲ್ಲ. ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಕೈಗೆ ಬರುತ್ತದೆ ನಿಜ. ಕೈಯಲ್ಲೇ ತಡೆಯಲು ಹೋದರೆ ಎಂಥ ಗಂಡಸಿನ ತೋಳೂ ಬೇಗ ಸೋಲುತ್ತದೆ. ತೊಡೆಯಿಂದ ಟ್ಯಾಂಕನ್ನು ಅವುಚಿ ಹಿಡಿಯಬೇಕು. ಎಡಕ್ಕೆ ತಿರುಗಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ನೀವೂ ಟಿವಿಎಸ್ ಮೇಲೆ ಗೊತ್ತಿಲ್ಲದೆ ಅದನ್ನೇ ಮಾಡಿರುತ್ತೀರಿ. ಇದೆಲ್ಲ ಕಲಿತರೆ ಬರುವಂಥದ್ದು. ಇನ್ನು ತೂಕ ಕಡಿಮೆ ಇದ್ದರೆ ಬೈಕ್ ವೇಗ ಹಿಡಿಯುವುದು ಸುಲಭ.

ಈ ತೂಕದ ಮಾತು ಬಂದಾಗಲೆಲ್ಲ ನನಗೆ ಬೆರಿಲ್ ಸ್ವೇನ್ ನೆನಪಾಗುತ್ತಾರೆ. ಲಂಡನ್‌ನ ಹೆಣ್ಣುಮಗಳು. ಬ್ರಿಟನ್ ಮತ್ತು ಐರ್ಲೆಂಡ್ ನಡುವೆ ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪ ಇದೆ. ಅಲ್ಲಿ ನಿಜವಾಗಿಯೂ ಊರ ರಸ್ತೆಯನ್ನೇ ಮುಚ್ಚಿ ರೇಸ್ ನಡೆಸುತ್ತಾರೆ. ಕಲ್ಲುಗೋಡೆ, ಮನೆಗಳ ನಡುವೆ 60 ಕಿ.ಮೀ.ಗೂ ಹೆಚ್ಚು ಉದ್ದದ ಒಂದೊಂದು ಸುತ್ತು. (ಅಲ್ಲಿಗೆ ಹೋಗು ಅಂತ ನಾನು ಯಾರ ಮಕ್ಕಳಿಗೂ ಹೇಳಲಾರೆ. ಅಲ್ಲಿ ಸತ್ತವರ ಪಟ್ಟಿ ತುಂಬ ಉದ್ದ.) 1962ರಲ್ಲಿ ಅಲ್ಲಿ ಮೊದಲ ಸಲ 50 ಸಿಸಿ ಬೈಕ್‌ಗಳ ರೇಸ್ ಇಟ್ಟರು. ನಿಮ್ಮ ಟಿವಿಎಸ್‌ನಷ್ಟೇ ದೊಡ್ಡ ಇಂಜಿನ್ ಮೇಡಂ. ಬೆರಿಲ್ ಇಟಲಿಯ ಇಟೋಮ್ ಕಂಪನಿಯ ಬೈಕ್ ಏರಿ ಆ ರೇಸ್ ಪೂರ್ತಿ ಓಡಿಸಿ 22ನೆಯವರಾಗಿ ಬಂದರು. ಟಿಟಿ ಅನ್ನುವ ಆ ದ್ವೀಪದ ರೇಸ್‌ನಲ್ಲಿ ಪಕ್ಕದ ಸೈಡ್‌ಕಾರ್‌ನಲ್ಲಿ ಜೊತೆಗಾರರಿಲ್ಲದೆ ಒಬ್ಬರೇ ಬೈಕ್ ಓಡಿಸಿದ ಮೊದಲ ಹೆಂಗಸು ಅವರು.

ಆಮೇಲೇನಾಯಿತು? ಸವಾರರ ತೂಕ ಕನಿಷ್ಠ 60 ಕೆ.ಜಿ. ಇರಬೇಕು ಅನ್ನುವ ನಿಯಮ ಬಂತು. ಬೆರಿಲ್ ಅದಕ್ಕಿಂತ ಹಗುರ. ಲೈಸೆನ್ಸ್ ಹೋಯಿತು. ಹೆಂಗಸರಿಗೆ ಈ ಆಟ ಅಪಾಯ ಅನ್ನೋದು ಅದಕ್ಕೆ ಕೊಟ್ಟ ಕಾರಣ. ಅಪಾಯ ಗಂಡಸರಿಗೂ ಅಷ್ಟೇ ಇತ್ತು, ಆದರೆ ಅವರನ್ನು ಯಾರೂ ಮನೆಗೆ ಕಳಿಸಲಿಲ್ಲ. ಅಲ್ಲಿ ಇನ್ನೊಬ್ಬ ಹೆಂಗಸು, ಹಿಲರಿ ಮಸ್ಸನ್, ಒಬ್ಬರೇ ಬೈಕ್ ಓಡಿಸಲು 1978ರವರೆಗೆ ಕಾಯಬೇಕಾಯಿತು. ಹದಿನಾರು ವರ್ಷ. ಎಷ್ಟು ಜನ ಹೆಣ್ಣುಮಕ್ಕಳು ಆ ಹೊತ್ತಿಗೆ ಗಾಡಿ ಮಾರಿ ಸುಮ್ಮನಾಗಿದ್ದರೋ!

ಅದಕ್ಕೂ ಮುಂಚೆ ಬೀಟ್ರಿಸ್ ಶಿಲ್ಲಿಂಗ್ ಇದ್ದರು. ಓದಿದ್ದು ಇಂಜಿನಿಯರಿಂಗ್. ಹವ್ಯಾಸಕ್ಕೆ 500 ಸಿಸಿ ನಾರ್ಟನ್ ಬೈಕನ್ನು ತಾವೇ ಬಿಚ್ಚಿ ಜೋಡಿಸಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಓಡಿಸುತ್ತಿದ್ದರು. 1934ರಲ್ಲಿ ಗಂಟೆಗೆ ನೂರು ಮೈಲಿ ಮೀರಿ ಒಂದು ಸುತ್ತು ಹೊಡೆದು ಅಲ್ಲಿನ ಗೋಲ್ಡ್ ಸ್ಟಾರ್ ಅನ್ನುವ ಬ್ಯಾಡ್ಜ್ ಪಡೆದರು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳ ಇಂಜಿನ್ ಮೂಗು ಬಗ್ಗಿಸಿ ಇಳಿಯುವಾಗ ಕೆಮ್ಮಿ ನಿಲ್ಲುತ್ತಿತ್ತು. ಒಂದು ಚಿಕ್ಕ ಲೋಹದ ಬಿಲ್ಲೆಯಿಂದ ಅದನ್ನು ಸರಿಪಡಿಸಿದವರು ಇವರೇ. ವಾರವೆಲ್ಲ ಕೆಲಸ, ರಜೆಯಲ್ಲಿ ರೇಸ್ ಅನ್ನುವ ನಿಮ್ಮ ಮಗಳ ಬದುಕು ಹೊಸದಲ್ಲ ಅಲ್ವಾ?

ಇತ್ತೀಚಿನದು ಬೇಕಾದರೆ ಸ್ಪೇನ್‌ನ ಆನಾ ಕರಾಸ್ಕೊ. 2018ರಲ್ಲಿ ಸೂಪರ್‌ಸ್ಪೋರ್ಟ್ 300 ಅನ್ನುವ ಚಿಕ್ಕ ಬೈಕ್‌ಗಳ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಗಂಡಸರ ಜೊತೆಗೇ ಓಡಿಸಿ, ಒಂದೇ ಒಂದು ಪಾಯಿಂಟ್ ಅಂತರದಲ್ಲಿ. 2020ರಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. 2021ರಲ್ಲಿ ವಾಪಸ್ ಬಂದು ಮತ್ತೆ ರೇಸ್ ಗೆದ್ದರು. 2024ರಲ್ಲಿ ಹೆಂಗಸರಿಗೆಂದೇ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಎಲ್ಲರಿಗೂ ಒಂದೇ ಯಮಹಾ ಬೈಕ್. ಮೊದಲ ವರ್ಷ ಗೆದ್ದದ್ದೂ ಅವರೇ. ನಮ್ಮಲ್ಲೂ ಟಿವಿಎಸ್ ಕಂಪನಿಯ ರೇಸ್‌ಗಳಲ್ಲಿ ಹುಡುಗಿಯರಿಗೆ ಬೇರೆ ವಿಭಾಗ ಇದೆ. ಎಲ್ಲರಿಗೂ ಒಂದೇ ಥರದ ಬೈಕ್. ನಿಮ್ಮ ಗಾಡಿ ತಯಾರಿಸಿದ ಹೊಸೂರಿನ ಕಂಪನಿಯೇ.

ಬೇರೆ ವಿಭಾಗ ಬೇಕಾ ಅಂತ ನಮ್ಮ ಕಚೇರಿಯಲ್ಲೇ ಜಗಳ ಆಗಿದೆ. ನಾನು ಬೇಕು ಅನ್ನುವ ಕಡೆ. ಮೊದಲ ಸಲ ಬರುವ ಹುಡುಗಿಗೆ ತನ್ನಂಥ ಹತ್ತು ಜನ ಕಂಡರೆ ಧೈರ್ಯ ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬಾರದು. ಗೆದ್ದವಳು ಎಲ್ಲರ ಜೊತೆ ಓಡಿಸುತ್ತೇನೆ ಅಂದರೆ ಬಾಗಿಲು ತೆರೆದಿರಬೇಕು. ಚೆನ್ನೈನ ಅಲೀಶಾ ಅಬ್ದುಲ್ಲಾ ಇಂಥ ವಿಭಾಗಗಳಿಗಾಗಿ ಕಾಯದೆ ಹುಡುಗರ ಜೊತೆಗೇ ರೇಸ್ ಓಡಿಸಿದವರು. ಅವರ ತಂದೆಯೂ ರೇಸ್ ಚಾಂಪಿಯನ್. ಮನೆಯ ಬೆಂಬಲ ಅಂದರೆ ಅದು.

ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಹೆಸರು ನೀವು ಕೇಳಿರಬೇಕು. ಟ್ರ್ಯಾಕ್‌ನಲ್ಲೂ ಓಡಿಸಿ, ರ್‍ಯಾಲಿಗೂ ಹೋದವರು. 2018ರಲ್ಲಿ ಸ್ಪೇನ್‌ನ ರ್‍ಯಾಲಿಯಲ್ಲಿ ಬಿದ್ದು ಹೊಟ್ಟೆಯೊಳಗೆ ದೊಡ್ಡ ಪೆಟ್ಟಾಯಿತು. ಮರುವರ್ಷ, 2019ರಲ್ಲಿ, ಮರಳು, ಕಾಡುಮೇಡಿನಲ್ಲಿ ನಡೆಯುವ ಬಾಹಾ ರ್‍ಯಾಲಿಗಳ ವಿಶ್ವಕಪ್‌ನಲ್ಲಿ ಹೆಂಗಸರ ವಿಭಾಗ ಗೆದ್ದರು. ಗೆದ್ದ ಫೋಟೋ ನಾವೂ ಹಾಕಿದ್ದೆವು. ಆಸ್ಪತ್ರೆಯ ವಿಷಯ ಎರಡು ಸಾಲಿನಲ್ಲಿ ಮುಗಿಸಿದ್ದೆವು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ.

ಮದುವೆಯ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಹೊಲಿಗೆ ಗುರುತು ನೋಡಿ ಹಿಂದೆ ಸರಿಯುವ ಹುಡುಗ ನಿಮ್ಮ ಮಗಳಿಗೆ ಬೇಡ. ದುಡ್ಡಿನ ಬಗ್ಗೆ ಮಾತ್ರ ನೀವು ಗಟ್ಟಿಯಾಗಿ ಕೇಳಬಹುದು. ಟೈರು, ಸೂಟು, ಪ್ರವೇಶ ಶುಲ್ಕ, ಹೋಗಿಬರುವ ಖರ್ಚು, ಬಿದ್ದರೆ ರಿಪೇರಿ. ಸಾಲ ಮಾಡಿ ಓಡಿಸುತ್ತಿದ್ದರೆ ನಿಲ್ಲಿಸಿ. ಆಟಕ್ಕಾಗಿ ಸಾಲ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಿದ್ದರೆ ಏನು ಅನ್ನುವ ಪ್ರಶ್ನೆ ಅಲ್ಲ. ಅವಳು ನಿಮಗೆ ಹೇಳದೆ ಹೋದಳು ಅನ್ನುವುದು. ಟ್ರ್ಯಾಕ್‌ಗೆ ಇಳಿಯುವ ಮುಂಚೆ ಒಂದು ಫಾರಂ ತುಂಬಬೇಕು. ರಕ್ತದ ಗುಂಪು, ಅಲರ್ಜಿ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಒಮ್ಮೆ ಅಲ್ಲಿ ನನ್ನ ಮುಂದೆಯೇ ಒಬ್ಬ ಹುಡುಗಿ ಆ ಕೊನೆಯ ಜಾಗದಲ್ಲಿ ಪಿ.ಜಿ.ಯ ರೂಮ್‌ಮೇಟ್ ನಂಬರ್ ಬರೆದಳು. ಅಮ್ಮನ ನಂಬರ್ ಯಾಕೆ ಇಲ್ಲ ಅಂತ ಕೇಳಿದೆ. “ಅಮ್ಮನಿಗೆ ನಾನು ಇಲ್ಲಿರೋದೇ ಗೊತ್ತಿಲ್ಲ” ಅಂದಳು. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಹೊರಟಳು. ಅವತ್ತು ಅವಳಿಗೆ ಏನೂ ಆಗಲಿಲ್ಲ. ಆದರೆ ರೇಸ್ ಮುಗಿಯುವವರೆಗೂ ನನ್ನ ಕಣ್ಣು ಅವಳ ಬೈಕ್ ಮೇಲೇ ಇತ್ತು. ನಿಮ್ಮ ಮಗಳು ಯಾರ ನಂಬರ್ ಬರೆದಿದ್ದಾಳೆ? ದಯವಿಟ್ಟು ಅದನ್ನು ಕೇಳಿ. ನಿಮ್ಮದೇ ನಂಬರ್ ಬರೆಯುವಂತೆ ಮಾಡಿ. ಅದಕ್ಕೆ ನೀವು ಮೊದಲು ಜಡೆಯ ಸಿಟ್ಟು ಬಿಡಬೇಕು.

ನನಗೆ ಹೆಣ್ಣುಮಕ್ಕಳಿಲ್ಲ. ಇದ್ದಿದ್ದರೆ ರೇಸ್‌ನ ಹಿಂದಿನ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಅವಳ ಜೊತೆ ಹೋಗುತ್ತಿದ್ದೆ.

ಮುಂದಿನ ಸಲ ಇರುಂಗಾಟ್ಟುಕೋಟ್ಟೈಯಲ್ಲಿ ರೇಸ್ ಇದ್ದಾಗ ನಮ್ಮ ತಂಡದ ಕಾರಿನಲ್ಲಿ ಒಂದು ಸೀಟು ನಿಮಗೆ. ಮಗಳಿಗೆ ಮೊದಲೇ ಹೇಳಿ ಬನ್ನಿ, ಅಲ್ಲಿ ದಿಢೀರ್ ಅಂತ ನಿಮ್ಮನ್ನು ನೋಡಿದರೆ ಅವಳ ಗಮನ ತಪ್ಪುತ್ತದೆ. ಬಿಸಿಲು ಜಾಸ್ತಿ, ಕೊಡೆ ತನ್ನಿ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ತನ್ನಿ. ಅವಳ ಬೈಕಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಹೆಲ್ಮೆಟ್ ಹಾಕಿದ ಮೇಲೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ.

– ಸಂ.