ಹತ್ತು ಸಾವಿರಕ್ಕೆ ಮನೆಗೊಂದು ಕಂಪ್ಯೂಟರ್ ಆಗುತ್ತಾ?

ಮಂಡ್ಯದಿಂದ ಕೇಳಿದ್ದೀರಿ. ಮಗಳು ಏಳನೇ ಕ್ಲಾಸು, ಕೈಯಲ್ಲಿರುವುದು ಹತ್ತು ಸಾವಿರ. ಸಾಧಾರಣ ಮನೆಗೂ ಊರ ಶಾಲೆಗೂ ಎಟುಕುವ ಕಂಪ್ಯೂಟರನ್ನು ಯಾರೂ ಯಾಕೆ ಮಾಡುವುದಿಲ್ಲ ಅಂತ.

ಮಾಡಿದ್ದಾರೆ ಕಣ್ರೀ, ಮತ್ತೆ ಮತ್ತೆ ಮಾಡಿದ್ದಾರೆ. ನಾನು ಮೈಸೂರಿನಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಅಸೆಂಬಲ್ ಮಾಡಿ ಮಾರಿದವನು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ ಕೊಂಡು ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ತರುತ್ತಿದ್ದೆ. ಮಿಕ್ಕಿದ್ದೆಲ್ಲ ಸೀಟಿನ ಕೆಳಗೆ. ಮಾನಿಟರ್ ಮಾತ್ರ ತೊಡೆಯ ಮೇಲೆ, ಮಗುವಿನ ಹಾಗೆ. ಬಿಲ್ಲಿನಲ್ಲೂ ಅದರ ಭಾರ ಜಾಸ್ತಿಯೇ ಇರುತ್ತಿತ್ತು.

ಅಗ್ಗದ ಕಂಪ್ಯೂಟರ್ ಮಾಡಿ ಗೆದ್ದವರು ಮೊದಲು ಕೈಬಿಟ್ಟಿದ್ದೇ ಆ ಮಾನಿಟರನ್ನು. 1981ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಜೆಡ್‌ಎಕ್ಸ್81 ಅಂತ ಒಂದು ಯಂತ್ರ ಬಿಟ್ಟರು. ಬೆಲೆ 70 ಪೌಂಡಿಗೆ 5 ಪೆನ್ಸ್ ಕಮ್ಮಿ. ಬಿಡಿಭಾಗ ಕೊಂಡು ಮನೆಯಲ್ಲೇ ಬೆಸುಗೆ ಹಾಕಿಕೊಂಡರೆ ಇನ್ನೂ 20 ಪೌಂಡ್ ಉಳಿತಾಯ. ಪರದೆಗೆ ಮನೆಯ ಟಿವಿ, ಬರೆದದ್ದನ್ನು ಉಳಿಸಿಕೊಳ್ಳಲು ಮನೆಯ ಟೇಪ್ ರೆಕಾರ್ಡರ್. ಹಿಂದಿನ ಮಾದರಿಯಲ್ಲಿದ್ದ ಹತ್ತಾರು ಚಿಪ್ಪುಗಳ ಕೆಲಸವನ್ನು ಒಂದೇ ಚಿಪ್ಪಿಗೆ ವಹಿಸಿದರು. ಮೆಮೊರಿ ಇದ್ದದ್ದು ಒಂದೇ ಕಿಲೋಬೈಟ್! ಈ ಉತ್ತರವೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ಆದರೂ ಎಷ್ಟೋ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿತದ್ದು ಅದರ ಮುಂದೆ ಕೂತು. 2012ರಲ್ಲಿ 35 ಡಾಲರಿಗೆ ಬಂದ ರಾಸ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಹಿಡಿದದ್ದೂ ಇದೇ ದಾರಿ. ಮನೆಯಲ್ಲಿರುವುದನ್ನು ಮತ್ತೆ ಮಾರಬೇಡಿ, ಅಷ್ಟೇ.

ಎಲ್ಲವನ್ನೂ ಹೊಸದಾಗಿ ಮಾಡಲು ಹೊರಟವರು ಬೆಲೆಯಲ್ಲಿ ಸೋತರು. 100 ಡಾಲರ್ ಲ್ಯಾಪ್‌ಟಾಪ್ ಅಂತ ಹೊರಟ ನಿಕೊಲಾಸ್ ನೆಗ್ರೊಪಾಂಟೆ ಅವರ ಹಸಿರು ಯಂತ್ರ 2007ರಲ್ಲಿ ಕೈಗೆ ಬರುವಾಗ 180 ದಾಟಿತ್ತು. ನಮ್ಮ ಐಐಎಸ್‌ಸಿ ಮೇಷ್ಟ್ರುಗಳು ಸೇರಿ ಮಾಡಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಬಗ್ಗೆ ನನಗೆ ಇವತ್ತಿಗೂ ಅಭಿಮಾನ ಇದೆ. ಅಂಗಡಿಗೆ ಬಂದು ಅದನ್ನು ಕೇಳಿದ ಗಿರಾಕಿ ಮಾತ್ರ ಒಬ್ಬನೂ ಇಲ್ಲ.

ಈಗ ನಿಮ್ಮ ಹತ್ತು ಸಾವಿರ. ನಾನಾಗಿದ್ದರೆ ಹೊಸದು ಕೊಳ್ಳುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಸಪೋರ್ಟ್ ನಿಂತಿತು. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಯಂತ್ರಗಳನ್ನು ಆಫೀಸುಗಳು ಹೊರಗೆ ಹಾಕುತ್ತಿವೆ. ಅದರಲ್ಲಿ ದಪ್ಪ ಪುಸ್ತಕದಷ್ಟೇ ಗಾತ್ರದ ಮಿನಿ ಪಿಸಿ ಹುಡುಕಿ. ಆರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಪಕ್ಕದ ಮನೆಯ ಹುಡುಗನಿಗೆ ಇಂಥದ್ದನ್ನೇ ಕೀಬೋರ್ಡ್, ಮೌಸ್ ಸೇರಿಸಿ ಒಂಬತ್ತು ಸಾವಿರಕ್ಕೆ ಕೊಡಿಸಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ, ಅದಕ್ಕೆ ದುಡ್ಡಿಲ್ಲ. ಕನ್ನಡ ಟೈಪಿಂಗೂ ಆಗುತ್ತದೆ.

ಪರದೆಗೆ ಮನೆಯ ಟಿವಿಯೇ ಸಾಕು. ಅದಕ್ಕೆ ಸಿಕ್ಕಿಸುವಾಗ ಒಂದು ತೊಡಕು ಬರಬಹುದು. ಈ ಆಫೀಸ್ ಯಂತ್ರಗಳಲ್ಲಿ ಎಷ್ಟೋ ಸಲ ಟಿವಿಯಲ್ಲಿರುವಂಥ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ, ಡಿಸ್‌ಪ್ಲೇ ಪೋರ್ಟ್ ಎಂಬ ಬೇರೆ ಕಿಂಡಿ ಇರುತ್ತದೆ. ಅದರಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ಲನ್ನೂ ಕೇಳಿ ತನ್ನಿ. ವೈಫೈ ಇದೆಯಾ ನೋಡಿ, ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಚಿಕ್ಕ ಡಾಂಗಲ್ ಬೇಕು. ಇನ್ನು ಅಜ್ಜಿಯ ಸೀರಿಯಲ್ ಹೊತ್ತಿಗೆ ಜಗಳ ಖಾತ್ರಿ. ದುಡ್ಡು ಕೂಡಿದಾಗ ಹಳೆಯ 19 ಇಂಚಿನ ಮಾನಿಟರ್ ಒಂದನ್ನು ತಂದುಬಿಡಿ.

ಶಾಲೆಗೂ ಇದನ್ನೇ ಹೇಳುತ್ತೇನೆ, ಕರೆಂಟಿನ ಕಾರಣಕ್ಕೆ. ಮಂಡ್ಯ ಕಡೆಯ ಒಂದು ಶಾಲೆಗೆ ರಿಪೇರಿಗೆ ಹೋಗಿದ್ದೆ. ಹತ್ತು ಕಂಪ್ಯೂಟರ್, ಎಲ್ಲಕ್ಕೂ ಪ್ಲಾಸ್ಟಿಕ್ ಕವರ್, ರೂಮಿಗೆ ಬೀಗ. ಕೆಟ್ಟಿದ್ದು ಯುಪಿಎಸ್ ಬ್ಯಾಟರಿ ಮಾತ್ರ! ಅದಕ್ಕೆ ದುಡ್ಡು ಯಾವ ಲೆಕ್ಕದಲ್ಲಿ ಎತ್ತಬೇಕು ಅಂತ ತಿಳಿಯದೆ ಎರಡು ವರ್ಷ ಸುಮ್ನೆ ಮಲಗಿದ್ದವು. ಮಿನಿ ಪಿಸಿ ನಡೆಯುವುದು ಲ್ಯಾಪ್‌ಟಾಪಿನ ಥರದ ಚಾರ್ಜರಿನಲ್ಲಿ. ಒಂದೆರಡಾದರೆ ಫ್ಯಾನು, ಲೈಟಿಗೆ ಇಟ್ಟ ಇನ್ವರ್ಟರೇ ತಡೆಯುತ್ತದೆ. ಹತ್ತು ತರುವ ಬದಲು ಆರು ತಂದು, ಮಿಕ್ಕ ದುಡ್ಡನ್ನು ಬ್ಯಾಟರಿಗೂ ರಿಪೇರಿಗೂ ಇಡಲು ಹೇಳಿ. ನಾನು ಹೇಳಿದಾಗ ಹೆಡ್‌ಮಾಸ್ಟರು ನಕ್ಕರು. ಉದ್ಘಾಟನೆ ಫೋಟೋದಲ್ಲಿ ಬ್ಯಾಟರಿ ಕಾಣಲ್ವಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್, ಅಂದರೆ ಯಂತ್ರದ ಒಳಗಿನ ಸೆಟ್ಟಿಂಗ್ಸ್ ಪರದೆ, ತೆಗೆಸಿ ನೋಡಿ. ಹಳೆಯ ಆಫೀಸಿನ ಪಾಸ್‌ವರ್ಡ್ ಕೇಳಿದರೆ, ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.