‘ಏನಾದರೂ ಮೇಸ್ತ್ರಿಯೇ ಹೊಣೆ’ ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕಾ?

ನೀವು ಕೇಳಿರುವುದು ಇಷ್ಟು: ತುಮಕೂರಿನ ಬಟವಾಡಿಯಲ್ಲಿ ಬಾಡಿಗೆಗೆಂದು ಕೆಳಗೆ ಅಂಗಡಿ, ಮೇಲೆ ಎರಡು ಮನೆ ಕಟ್ಟಿಸುತ್ತಿದ್ದೀರಿ. ಸಾಮಾನು ನಿಮ್ಮದು, ಆಳು ಮೇಸ್ತ್ರಿಯವು, ಕೂಲಿ ಚದರದ ಲೆಕ್ಕ. ಅವಘಡವಾದರೆ ಮೇಸ್ತ್ರಿಯೇ ಹೊಣೆ ಅಂತ ಬರೆಸಿಕೊಂಡಿದ್ದೀರಿ. ಇಷ್ಟು ಸಾಕಾ?

ಸಾಲದು ಸರ್. ನಾನು ಇದೇ ಊರಿನಲ್ಲಿ ಹದಿನೇಳು ವರ್ಷದಿಂದ ಸಣ್ಣಪುಟ್ಟ ಕಟ್ಟಡಗಳ ಕಾಂಟ್ರಾಕ್ಟ್ ಮಾಡುತ್ತಿದ್ದೇನೆ. ಅಂಥದ್ದೇ ಎರಡು ಕಾಗದ ನನ್ನ ಬೀರುವಿನಲ್ಲಿ ಇನ್ನೂ ಇವೆ.

ಗುಬ್ಬಿ ರಸ್ತೆ ಕಡೆ ಒಂದು ಕೆಲಸ. ಮಾಲೀಕರು ನನ್ನಿಂದ ಬರೆಸಿಕೊಂಡರು, ನಾನು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿಯಿಂದ ಬರೆಸಿಕೊಂಡೆ. ಇಬ್ಬರಿಗೂ ಸಮಾಧಾನ. ಎರಡನೇ ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್ ಆಗಿ ಶೀಟು ಬಿಚ್ಚುವ ದಿನ, ಯಾದಗಿರಿ ಕಡೆಯ ಹುಡುಗನೊಬ್ಬ ಲಿಫ್ಟ್ ಗುಂಡಿಗೆ ಬಿದ್ದ. ಗುಂಡಿಯ ಬಾಯಿಗೆ ಪ್ಲೈವುಡ್ ಮುಚ್ಚಿಸಿದ್ದೆ. ಬೆಳಗ್ಗೆ ಯಾರಿಗೋ ಪ್ಲೈವುಡ್ ಬೇಕಾಗಿದೆ, ಎತ್ತಿಕೊಂಡು ಹೋಗಿದ್ದಾರೆ. ಮೊಳೆ ಹೊಡೆಸಿರಲಿಲ್ಲ, ಅದು ನನ್ನ ತಪ್ಪು. ಹುಡುಗ ಬದುಕಿದ, ಸೊಂಟ ಹೋಯಿತು. ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುವ ಕೆಲಸ ಅವತ್ತಿಗೇ ಮುಗಿಯಿತು.

ಮೂರನೇ ದಿನಕ್ಕೆ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಕೆಟ್ಟವನಲ್ಲ, ಕೊಡಲು ಅವನ ಹತ್ತಿರ ಏನೂ ಇರಲಿಲ್ಲ ಅಷ್ಟೇ. ಪರಿಹಾರದ ಕೇಸಿನಲ್ಲಿ ಮಾಲೀಕರು, ನಾನು, ಮೇಸ್ತ್ರಿ ಮೂವರೂ ಎದುರುದಾರರು. ಕಾಗದ ತೋರಿಸಿದೆ. ವಕೀಲರು ಓದಿ, ‘ಇದು ನೀವು ನೀವೇ ಆಡಿಕೊಂಡ ಮಾತು. ಬಿದ್ದವನು ಸಹಿ ಹಾಕಿಲ್ಲ, ಹಾಕಿದ್ದರೂ ನಡೆಯುತ್ತಿರಲಿಲ್ಲ’ ಅಂದರು. ಕೊನೆಗೆ ಮಾಲೀಕರೂ ನಾನೂ ಹಂಚಿಕೊಂಡು ಕಟ್ಟಿದೆವು.

ವಕೀಲರು ಹಾಗಂದದ್ದಕ್ಕೆ ಕಾರಣವಿದೆ. ಕೆಲಸಗಾರ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟು ಬರೆದ ಒಪ್ಪಂದಕ್ಕೆ 1923ರ ಪರಿಹಾರ ಕಾಯ್ದೆಯಲ್ಲಿ ಬೆಲೆಯೇ ಇರಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಮಾಲೀಕರೂ ‘ಉದ್ಯೋಗದಾತ’ರೇ ಆಗಿದ್ದರು. ಗುತ್ತಿಗೆದಾರ ಪರಿಹಾರ ಕೊಡದಿದ್ದರೆ ಮಾಲೀಕರು ಕೊಡಬೇಕು, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು. ನಿಮ್ಮ ಛಾಪಾ ಕಾಗದ ಉಪಯೋಗಕ್ಕೆ ಬರುವುದು ಆ ವಸೂಲಿಗೆ ಮಾತ್ರ. ಮೇಸ್ತ್ರಿಯ ಹತ್ತಿರ ವಸೂಲಿ ಮಾಡಲು ಏನಿದೆ ಅಂತ ನೀವೇ ನೋಡಿ.

‘ನಮ್ಮಲ್ಲಿ ಇರೋದು ನಾಲ್ಕೇ ಆಳು, ಆ ಕಾಯ್ದೆ ನಮಗೆ ಬರಲ್ಲ’ ಅನ್ನುವವರಿದ್ದಾರೆ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 10 ಜನ ಇದ್ದರೆ ಸಾಕು, ಕಾಯ್ದೆ ಬರುತ್ತದೆ. ಮೋಲ್ಡ್ ದಿನ ಮಿಕ್ಸರ್ ಜೊತೆ ಬರುವ ಗ್ಯಾಂಗನ್ನು ಎಣಿಸಿದ್ದೀರಾ? 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸೆಕ್ಷನ್ ನಂಬರ್ ಬದಲಾಗಿದೆ, ಹತ್ತು ಜನರ ಲೆಕ್ಕ ಹಾಗೇ ಇದೆ. ಸ್ವಂತ ವಾಸದ ಮನೆಗೆ 10 ಲಕ್ಷ ಖರ್ಚಿನವರೆಗೆ ಇದ್ದ ವಿನಾಯಿತಿಯನ್ನು 50 ಲಕ್ಷಕ್ಕೆ ಏರಿಸಿದ್ದಾರೆ. ನಿಮ್ಮದು ಬಾಡಿಗೆ ಕಟ್ಟಡ, ಆ ನೆರಳು ನಿಮಗೆ ಸಿಗುವುದಿಲ್ಲ.

ದುಡ್ಡಿನ ಅಂದಾಜು ಬೇಕಿದ್ದರೆ 1923ರ ಹಳೆಯ ಕಾಯ್ದೆಯ ಲೆಕ್ಕ ಹೇಳುತ್ತೇನೆ. ತಿಂಗಳ ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ. 30 ವರ್ಷದವನು ತೀರಿಕೊಂಡರೆ ಅದರ ಅರ್ಧವನ್ನು, ಆ ವಯಸ್ಸಿಗೆ ಕಾಯ್ದೆ ಗೊತ್ತು ಮಾಡಿದ 207.98ರಿಂದ ಗುಣಿಸಬೇಕು: 15,59,850 ರೂಪಾಯಿ. ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ 12 ಬಡ್ಡಿ. ‘ಅವನು ಕುಡಿದಿದ್ದ’ ಅನ್ನುವ ವಾದ ಸಾವಿನ ಕೇಸಿನಲ್ಲಿ ನಡೆಯುವುದಿಲ್ಲ. ಪೊಲೀಸ್ ಕೇಸು ಬೇರೆ. 2024ರ ಜುಲೈ 1ರಿಂದ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ, ಮೊದಲು ಎರಡಿತ್ತು. ಜೈಲಿನ ಹೊಣೆಯನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡುವ ಛಾಪಾ ಕಾಗದ ಎಲ್ಲೂ ಸಿಗುವುದಿಲ್ಲ.

ಹಾಗಾಗಿ ಕಾಗದಕ್ಕೆ ಓಡಾಡುವ ಬದಲು ವಿಮೆಗೆ ಓಡಾಡಿ. ಕೇಳುವಾಗ ‘ಕೆಲಸಗಾರರ ಪರಿಹಾರದ ಪಾಲಿಸಿ’ ಅಂತಲೇ ಕೇಳಿ. ಏಜೆಂಟರು ಕೆಲವೊಮ್ಮೆ ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಕೊಟ್ಟು ಕಳಿಸುತ್ತಾರೆ. ಅದು ಕಟ್ಟಡಕ್ಕೆ, ದಾರಿಹೋಕರಿಗೆ. ನಿಮ್ಮ ಆಳುಗಳಿಗಲ್ಲ. ಪಾಲಿಸಿಯಲ್ಲಿ ಮೇಸ್ತ್ರಿಯ ಜೊತೆ ನಿಮ್ಮ ಹೆಸರೂ ಇರಲಿ, ಸೆಂಟ್ರಿಂಗ್, ಕಂಬಿ, ಪೇಂಟಿಂಗ್‌ನವರ ಉಪಗುತ್ತಿಗೆಯೂ ಸೇರಲಿ. ಆಸ್ಪತ್ರೆ ಖರ್ಚು ಎಷ್ಟರವರೆಗೆ ಬರುತ್ತದೆ ಅಂತ ಬಾಯಲ್ಲಿ ಕೇಳಿ ಬಿಡಬೇಡಿ, ಓದಿ ನೋಡಿ. ಪ್ರೀಮಿಯಂ ಉಳಿಸಲು 15 ಜನರನ್ನು 5 ಅಂತ ತೋರಿಸಿದರೆ ಕ್ಲೇಮಿನ ದಿನ ಅಳಬೇಕಾಗುತ್ತದೆ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿದ್ದರೆ ಸಾಲದು, ಶನಿವಾರ ಬಟವಾಡೆ ಆದಮೇಲೆ ಒಂದು ಫೋಟೋ ನಿಮ್ಮ ಫೋನಿನಲ್ಲೂ ಇರಲಿ.

ನಕ್ಷೆ ಮಂಜೂರಾತಿಗೆ ಹೋದಾಗ ಶೇ 1 ಕಾರ್ಮಿಕ ಸೆಸ್ ಕಟ್ಟಿದ್ದೀರಲ್ಲ, ಅದನ್ನೇ ವಿಮೆ ಅಂದುಕೊಂಡವರನ್ನೂ ಕಂಡಿದ್ದೇನೆ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುವ ದುಡ್ಡು. ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು. ನಿಮ್ಮಲ್ಲಿ ಅಷ್ಟು ದಿನ ದುಡಿದವನು ಪ್ರಮಾಣಪತ್ರ ಕೇಳಿದರೆ ಹೆದರದೆ ಸಹಿ ಹಾಕಿಕೊಡಿ. ಅದರಿಂದ ನಿಮಗೆ ಹೊಸ ಹೊಣೆಯೇನೂ ಹುಟ್ಟುವುದಿಲ್ಲ. ಇರುವ ಹೊಣೆ ಇದ್ದೇ ಇದೆ.

ಇನ್ನು ಸೈಟು. ಹೆಲ್ಮೆಟ್, ಬೆಲ್ಟ್ ಎಲ್ಲರೂ ಹೇಳುತ್ತಾರೆ, ಕೊಡಿಸಿ. ನಾನು ಮೊದಲು ನೋಡುವುದು ತೆರೆದ ಬಾಯಿಗಳನ್ನು: ಲಿಫ್ಟ್ ಗುಂಡಿ, ಮೆಟ್ಟಿಲಿನ ಅಂಚು, ಸಂಪು. ಹಲಗೆ ಇಟ್ಟರೆ ಸಾಲದು, ಮೊಳೆ ಹೊಡೆಸಿ. ಐದಡಿಗಿಂತ ಆಳದ ಪಾಯದ ಗುಂಡಿಗೆ ಅಂಚು ಇಳಿಜಾರು ಮಾಡಿಸಿ, ಇಲ್ಲವೇ ಹಲಗೆ ಆನಿಸಿ. ತೆಗೆದ ಮಣ್ಣನ್ನು ಅಂಚಿಗೇ ಸುರಿಯಲು ಬಿಡಬೇಡಿ.

ಇವತ್ತು ಸಂಜೆ ಸೈಟಿಗೆ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ. ಮುಂದೆ 11 ಕೆವಿ ಕರೆಂಟ್ ಲೈನ್ ಇದೆಯಾ? ಗೋಡೆಗೂ ಲೈನಿಗೂ 1.2 ಮೀಟರ್ ಅಂತರ ಇದ್ದರೆ ಕಟ್ಟಡಕ್ಕೆ ನಿಯಮ ಸರಿಹೋಯಿತು. ಕಂಬಿಯ ಉದ್ದ 12 ಮೀಟರ್. ಇಬ್ಬರು ಹುಡುಗರು ಅದನ್ನು ಕೆಳಗಿನಿಂದ ಮೊದಲನೇ ಮಹಡಿಗೆ ನಿಲ್ಲಿಸಿ ಕೊಡುವಾಗ ಆ 1.2 ಮೀಟರ್ ಎಲ್ಲಿರುತ್ತದೆ? ಲೈನ್ ಇದ್ದರೆ ಕಂಬಿಯನ್ನು ಹಿಂದಿನ ಬದಿಯಿಂದ ಏರಿಸಲು ಹೇಳಿ, ಬೆಸ್ಕಾಂಗೆ ಇವತ್ತೇ ಅರ್ಜಿ ಕೊಡಿ. ಲೈನ್ ಯಾವ ಬದಿಗಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಸಾರ್ವೆ ಹೇಗೆ ಕಟ್ಟಿಸಬೇಕು ಅಂತ ಹೇಳುತ್ತೇನೆ.