ಜಾವಾ ಆ್ಯಪ್ ನಿಧಾನ ಆಗಿದೆ, ರೆಡಿಸ್ ಹಾಕಲಾ ಎಹ್‌ಕ್ಯಾಶ್ ಹಾಕಲಾ?

ಸ್ಪ್ರಿಂಗ್ ಬೂಟ್, ಹೈಬರ್ನೇಟ್ (ಜಾವಾ ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ), ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ಗ್ರಾಹಕರ ಲೆಕ್ಕದ ಪುಟ ತೆರೆಯೋಕೆ ತುಂಬಾ ಹೊತ್ತು ಆಗ್ತಿದೆ, ರೆಡಿಸ್, ಎಹ್‌ಕ್ಯಾಶ್‌ಗಳಲ್ಲಿ ಯಾವ ಕ್ಯಾಶ್ (ಒಮ್ಮೆ ತಂದ ಡೇಟಾವನ್ನು ಮತ್ತೆ ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಹಾಕಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಇದೇ ಪ್ರಶ್ನೆ ಇಟ್ಟುಕೊಂಡು ನಾನು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಸೀಸನ್ನನ್ನೇ ಹಾಳು ಮಾಡಿಕೊಂಡಿದ್ದೇನೆ.

ಅದು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರ ಸಾಫ್ಟ್‌ವೇರ್. ಬೆಳೆಗಾರರು ಲಾರಿಯಲ್ಲಿ ಪಾರ್ಚ್‌ಮೆಂಟು, ಚೆರ್ರಿ ತರುತ್ತಾರೆ, ಗೇಟಲ್ಲಿ ತೂಕ ಆಗಿ ಲಾಟ್ ನಂಬರ್ ಬೀಳುತ್ತದೆ. ಒಬ್ಬರ ಹೆಸರು ಒತ್ತಿದರೆ ಅವರ ಲಾಟ್‌ಗಳೆಲ್ಲ ಬರಬೇಕು. ಬರುತ್ತಿತ್ತು, ಆದರೆ ನಿಧಾನ. ನಾನು ಯಾಕೆ ಅಂತ ನೋಡಲೇ ಇಲ್ಲ, ಹೈಬರ್ನೇಟ್‌ನ ಕ್ವೆರಿ ಕ್ಯಾಶ್ (ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಯ ಉತ್ತರ ಇಟ್ಟುಕೊಳ್ಳುವುದು) ಆನ್ ಮಾಡಿದೆ. ಟೆಸ್ಟ್ ಮಾಡುವಾಗ ಸೊಗಸಾಗಿ ಓಡಿತು. ಓಡದೆ ಏನು, ಅಲ್ಲಿ ಇದ್ದದ್ದೇ ನಾಲ್ಕಾರು ಲಾಟು!

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ತುಂಬಾ ಜನ ಇಲ್ಲೇ ಬೀಳುತ್ತಾರೆ. ನಮ್ಮದು ಹೈಬರ್ನೇಟ್ 5. ಅದರ ಕ್ವೆರಿ ಕ್ಯಾಶ್ ಪೂರ್ತಿ ಸಾಲುಗಳನ್ನು ಇಟ್ಟುಕೊಳ್ಳುವುದಿಲ್ಲ, ಬರೀ ಐಡಿಗಳನ್ನು ಇಟ್ಟುಕೊಳ್ಳುತ್ತದೆ. ಆ ಐಡಿಯ ಎಂಟಿಟಿ, ಅಂದರೆ ಆ ಸಾಲಿನ ಜಾವಾ ರೂಪ, ಸೆಕೆಂಡ್ ಲೆವೆಲ್ ಕ್ಯಾಶ್‌ನಲ್ಲಿ (ಎಂಟಿಟಿಗಳನ್ನು ಇಡುವ ಬೇರೆ ಕ್ಯಾಶ್) ಇರಬೇಕು, ಇಲ್ಲದಿದ್ದರೆ ಒಂದೊಂದು ಐಡಿಗೂ ಒಂದೊಂದು ಸೆಲೆಕ್ಟ್ ಕ್ವೆರಿ ಡೇಟಾಬೇಸ್‌ಗೆ ಹೋಗುತ್ತದೆ. ನಾನು ಲಾಟ್ ಎಂಟಿಟಿಗೆ ಕ್ಯಾಶ್ ಅನೋಟೇಶನ್ ಹಾಕಿರಲೇ ಇಲ್ಲ. ಅಂದರೆ ಕ್ಯಾಶ್ ಇಲ್ಲದಾಗ ಒಂದೇ ಕ್ವೆರಿ, ಕ್ಯಾಶ್‌ನಲ್ಲಿ ಸಿಕ್ಕರೆ ನೂರಾರು! ಆ್ಯಪ್ ಇದ್ದದ್ದು ಆಫೀಸಿನ ಸರ್ವರ್‌ನಲ್ಲಿ, ಡೇಟಾಬೇಸ್ ಕ್ಲೌಡ್‌ನಲ್ಲಿ. ಒಂದು ಸಲ ಹೋಗಿಬರೋಕೆ 30 ಮಿಲಿಸೆಕೆಂಡ್ ಅಂದುಕೊಂಡರೂ 400 ಲಾಟ್ ಇರುವ ವ್ಯಾಪಾರಿಯ ಪುಟಕ್ಕೆ 12 ಸೆಕೆಂಡ್. ಇನ್ನೂ ಇದೆ ಕೇಳಿ. ಲಾಟ್ ಟೇಬಲ್‌ಗೆ ಒಂದು ಸಾಲು ಸೇರಿದರೂ ಆ ಟೇಬಲ್ ಮುಟ್ಟುವ ಕ್ಯಾಶ್ ಆದ ಕ್ವೆರಿಗಳೆಲ್ಲ ರದ್ದಾಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಗೇಟಿನ ಮುಂದೆ ಲಾರಿ ಸಾಲು ನಿಂತಾಗ ಕ್ಯಾಶ್ ಉಳಿಯುವುದೆಲ್ಲಿ? ಹಗಲು ಹಳೇ ನಿಧಾನ, ಸಂಜೆ ಗೇಟು ಖಾಲಿಯಾದ ಮೇಲೆ ಹೊಸ ನಿಧಾನ. ಹಿಟ್ ರೇಶಿಯೊ (ಕೇಳಿದ್ದು ಕ್ಯಾಶ್‌ನಲ್ಲೇ ಸಿಗುವ ಪ್ರಮಾಣ) ಮಾತ್ರ ಸಂಜೆ ಹೊತ್ತು ಚೆನ್ನಾಗೇ ಕಾಣುತ್ತಿತ್ತು, ಅದನ್ನೇ ನೋಡಿಕೊಂಡು ನಾನು ನೆಟ್‌ವರ್ಕ್‌ನವರ ಜೊತೆ ಜಗಳ ಆಡುತ್ತಿದ್ದೆ. ಮುಂದಿನ ವರ್ಷ ಆ ಗಿರಾಕಿ ಬೇರೆಯವರ ಹತ್ತಿರ ಹೋದರು.

ಕೊನೆಗೆ ಸಿಕ್ಕ ಕಾರಣ ಏನು ಗೊತ್ತಾ? ಇಂಡೆಕ್ಸ್ (ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಇರಲಿಲ್ಲ. ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಜೋಡಿಸುವ ಕಾಲಂ) ಹಾಕಿದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೊಡಿಬಿ ತಾನೇ ಇಂಡೆಕ್ಸ್ ಮಾಡಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಬೆಳೆಗಾರರ ಐಡಿಯ ಕಾಲಂ ಮೇಲೆ ಒಂದು ಇಂಡೆಕ್ಸ್ ಹಾಕಿದೆ, ಕ್ವೆರಿ ಕ್ಯಾಶ್ ಕಿತ್ತು ಹಾಕಿದೆ, ಮುಗೀತು ಮಾರಾಯ್ರೆ.

ಅದಕ್ಕೇ ಹೇಳೋದು, ಮೊದಲು ಹೈಬರ್ನೇಟ್ ಸ್ಟ್ಯಾಟಿಸ್ಟಿಕ್ಸ್ ಆನ್ ಮಾಡಿ ನಿಮ್ಮ ಪುಟ ಒಂದು ಸಲ ತೆರೆದರೆ ಎಷ್ಟು ಕ್ವೆರಿ ಹೋಗುತ್ತದೆ ನೋಡಿ. ಸಂಖ್ಯೆ ಜಾಸ್ತಿ ಇದ್ದರೆ ಮೆನಿ ಟು ಒನ್ ಸಂಬಂಧಗಳನ್ನು (ಹಲವು ಲಾಟ್‌ಗೆ ಒಬ್ಬ ಬೆಳೆಗಾರ ಇದ್ದ ಹಾಗೆ) ಹುಡುಕಿ. ಜೆಪಿಎ (ಹೈಬರ್ನೇಟ್ ಪಾಲಿಸುವ ಜಾವಾ ನಿಯಮಾವಳಿ) ಅವನ್ನು ಸುಮ್ನೆ ಈಗರ್, ಅಂದರೆ ಬೇಡದಿದ್ದರೂ ತಕ್ಷಣ ತರುವುದು, ಅಂತ ಇಟ್ಟಿರುತ್ತದೆ. ಲೇಜಿ (ಕೇಳಿದಾಗ ಮಾತ್ರ ತರುವುದು) ಮಾಡಿ, ಬೇಕಾದ ಕಡೆ ಮಾತ್ರ ಜಾಯಿನ್ ಫೆಚ್ (ಒಂದೇ ಕ್ವೆರಿಯಲ್ಲಿ ಜೊತೆಗೇ ತರುವುದು) ಬರೆಯಿರಿ. ಸಂಖ್ಯೆ ಕಡಿಮೆ ಇದ್ದೂ ನಿಧಾನ ಅಂದರೆ ಆ ಕ್ವೆರಿಯನ್ನು ಎಕ್ಸ್‌ಪ್ಲೇನ್ ಅನಲೈಸ್‌ಗೆ (ಕ್ವೆರಿ ಹೇಗೆ ಓಡಿತು ಅಂತ ತೋರಿಸುವ ಪೋಸ್ಟ್‌ಗ್ರೆಸ್ ಆದೇಶ) ಕೊಡಿ, ದೊಡ್ಡ ಟೇಬಲ್ ಮೇಲೆ ಸೀಕ್ವೆನ್ಶಿಯಲ್ ಸ್ಕ್ಯಾನ್ (ಸಾಲುಗಳನ್ನೆಲ್ಲ ಒಂದೊಂದಾಗಿ ಓದುವುದು) ಕಂಡರೆ ಅಲ್ಲೇ ಹಿಡಿಯಿರಿ. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಟ್ಟ ಸಂಪರ್ಕಗಳ ಗುಂಪು) 100ಕ್ಕೆ ಏರಿಸಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಸ್ಪ್ರಿಂಗ್ ಬೂಟ್ ಬಳಸುವ ಪೂಲ್ ಹಿಕಾರಿಯ ಡಿಫಾಲ್ಟ್ 10, ನಿಮ್ಮಂಥ ಆಫೀಸಿಗೆ ಸಾಮಾನ್ಯವಾಗಿ ಅದೇ ಸಾಕು.

ಕ್ಯಾಶ್ ಬೇಕೇ ಬೇಕು ಅನ್ನಿಸಿದರೆ ಗ್ರೇಡು, ತಾಲ್ಲೂಕು, ತೆರಿಗೆ ದರದಂಥ ಅಪರೂಪಕ್ಕೆ ಬದಲಾಗುವ ಟೇಬಲ್‌ಗಳಿಗೆ ಹಾಕಿ. ಸರ್ವರ್ ಒಂದೇ ಇದ್ದರೆ ಅದಕ್ಕೆ ಎಹ್‌ಕ್ಯಾಶ್ ಸಾಕು. ಎಕ್ಸ್‌ಪ್ಲೇನ್‌ನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡೋಣ.